ಇನ್‌ಸ್ಪೆಕ್ಟರ್ ರಜೆಯಲ್ಲಿದ್ದಾರೆ

ಫೆಬ್ರವರಿ 6, ರಾತ್ರಿ 9.40

ಎರಡೂ ಬ್ರಷ್‌ಗೆ ಪೇಸ್ಟ್ ಹಾಕಿಟ್ಟೆ, ಬಟಾಣಿಯಷ್ಟು. "ರೀ, ಉಜ್ಜಿ ಮಲಗಿ" ಎಂದೆ. ಟಿವಿ ಮುಂದಿನಿಂದ ಏಳಲಿಲ್ಲ. ಮತ್ತೆ ಎಂದೆ. ಗೊಣಗುತ್ತ ಎದ್ದರು. ಮದುವೆಯಾದಾಗಿನಿಂದ ಇದೇ ಪಾಠ.

ಇವರಿಗೆ ಬಾಯಿಯೇ ಅನ್ನ. ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಾರೆ. ಮೇಲಿನ ಮುಂದಿನೆರಡು ಹಲ್ಲು ಮೌತ್‌ಪೀಸ್ ಮೇಲೆ ಗಟ್ಟಿಯಾಗಿ ಕೂರಬೇಕು, ಅವು ಅಲ್ಲಾಡಿದರೆ ನಾದವೂ ಅಲ್ಲಾಡುತ್ತದೆ. ನಮ್ಮಪ್ಪ ಒಸಡು ಕೊಳೆತು ನಲವತ್ತೈದಕ್ಕೇ ಬೊಚ್ಚುಬಾಯಿ ಆದರು. ಆಮೇಲೆ ಯಾವ ಫೋಟೋದಲ್ಲೂ ನಗಲಿಲ್ಲ. ಅದಕ್ಕೇ ನನಗೆ ಈ ಹುಚ್ಚು.

ನಾಳೆ ಬ್ಯಾಂಡಿನವರಿಗೆ ನಮ್ಮಲ್ಲಿ ಊಟ. ಏಪ್ರಿಲ್ ಕಾರ್ಯಕ್ರಮದಲ್ಲಿ ಇವರಿಗೆ ಸೋಲೋ ಸಿಕ್ಕಿದೆ, ಒಬ್ಬರೇ ಊದಬೇಕು. ಹೆಮ್ಮೆ ನನಗೂ ಇದೆ.

ಫೆಬ್ರವರಿ 7, ಪಾತ್ರೆ ತೊಳೆದ ಮೇಲೆ

ಬರೆಯದಿದ್ದರೆ ನಿದ್ದೆ ಬರದು.

ಊಟದ ಮಧ್ಯೆ ಇವರು ಚಮಚ ಎತ್ತಿದರು. ಬ್ರಷ್ ಅಂತೆ ಅದು. ಸೊಂಟಕ್ಕೆ ಕೈ ಕೊಟ್ಟು, ಕೀರಲು ದನಿ ಮಾಡಿ — "ರೀ... ಉಜ್ಜಿದ್ರಾ? ಎಲ್ಲಿ, ಆ ಅನ್ನಿ! ಹಿಂದಿನ ದವಡೆ ಯಾರು ಉಜ್ತಾರೆ, ನಿಮ್ಮಪ್ಪನಾ?"

ಎಂಟು ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಟ್ರಂಪೆಟ್‌ನವನಿಗೆ ನೆತ್ತಿಗೇರಿತು. ಅಡುಗೆಗೆ ನೆರವಾಗಲು ಬಂದಿದ್ದ ನನ್ನ ಸ್ವಂತ ತಂಗಿ, ಅವಳೂ ನಕ್ಕಳು.

"ನಮ್ಮನೆ ಹಲ್ಲಿನ ಇನ್‌ಸ್ಪೆಕ್ಟರ್ ಕಣ್ರಪ್ಪಾ. ಇವಳಪ್ಪಂಗೆ ಬೊಚ್ಚುಬಾಯಿ ನೋಡಿ, ಆ ಸೇಡು ನನ್ ಮೇಲೆ ತೀರಿಸ್ಕೋತಾಳೆ!"

ಸತ್ತ ಅಪ್ಪನನ್ನೂ ಬಿಡಲಿಲ್ಲ. ನೀರಿನ ಜಗ್ ಹಿಡಿದು ನಿಂತಿದ್ದೆ. ಹಲ್ಲು ಕಚ್ಚಿಕೊಂಡು ಬಡಿಸಿದೆ.

ಸೇಡು ಅಂದಿರಲ್ಲ? ಇರಲಿ. ಇವತ್ತಿನಿಂದ ಬಾಯಿಗೆ ಬೀಗ. ಹಲ್ಲಿನ ವಿಷಯ ಒಂದಕ್ಷರ ಎತ್ತಿದರೆ ನಾನು ಅಪ್ಪನ ಮಗಳೇ ಅಲ್ಲ.

ಫೆಬ್ರವರಿ 8

ಒಂದೇ ಬ್ರಷ್‌ಗೆ ಪೇಸ್ಟ್. ನನ್ನದಕ್ಕೆ.

ನಿಧಾನವಾಗಿ ಉಜ್ಜಿದೆ. ಒಳಗಡೆ, ಹೊರಗಡೆ, ಕೊನೆಯ ದವಡೆಯ ಹಿಂದೆ. ಸಂದಿಗಳಲ್ಲಿ ದಾರ ಎಳೆದೆ. ನಾಲಿಗೆ ಕೆರೆದೆ. ಕೇಳಲಿ ಎಂದು ಜೋರಾಗಿ ಮುಕ್ಕಳಿಸಿದೆ. ಮಹಾಶಯರು ಹಾಸಿಗೆಯಲ್ಲಿ ಬಿಸ್ಕತ್ತು ತಿಂದು, ಹಾಗೇ ಮಗ್ಗುಲಾದರು.

ಆಹಾ. ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು.

ಫೆಬ್ರವರಿ 21

ಅವರ ಬ್ರಷ್ ಮುಟ್ಟಿ ನೋಡಿದೆ. ಕಟ್ಟಿಗೆಯಂತೆ ಒಣಗಿದೆ. ಬೆಳಿಗ್ಗೆ ನಾಲ್ಕು ಸಲ ಗರಗರ ತಿಕ್ಕಿ ಓಡುತ್ತಾರೆ, ಅಷ್ಟೇ. ಪ್ರಾಕ್ಟೀಸ್ ಮಧ್ಯೆ ಸಕ್ಕರೆ ಸುರಿದ ಚಹಾ, ಲೋಟದ ಮೇಲೆ ಲೋಟ. ಕೇಳಿದಷ್ಟೂ ಮಾಡಿಕೊಡುತ್ತಿದ್ದೇನೆ. ಸಕ್ಕರೆ ಇನ್ನೊಂದು ಚಮಚ ಜಾಸ್ತಿ.

"ಏನೇ, ಇನ್‌ಸ್ಪೆಕ್ಟರ್ ರಜಾ ಹಾಕಿದಾರಾ?" ಎಂದರು, ನಗುತ್ತ.

"ಹೂಂ" ಎಂದೆ.

ಮಾರ್ಚ್ 12, ಬೆಳಿಗ್ಗೆ

ದಿಂಬಿನ ಚೀಲದ ಮೇಲೆ ಗುಲಾಬಿ ಕಲೆ. ಡ್ರೈಕ್ಲೀನಿಂಗ್ ಅಂಗಡಿಯ ಕೌಂಟರಿನಲ್ಲಿ ದಿನವಿಡೀ ಕಲೆ ನೋಡುವವಳು ನಾನು. ರಕ್ತ, ಜೊಲ್ಲು ಬೆರೆತದ್ದು. ಒಸಡು ಹೋಗುತ್ತಿದೆ.

ಎದೆ ಧಸಕ್ ಎಂದಿತು, ನಿಜ ಹೇಳಬೇಕಲ್ಲ. ಅಪ್ಪನ ದಿಂಬೂ ಹೀಗೇ ಇರುತ್ತಿತ್ತು. ಹೇಳಿಬಿಡೋಣ ಎಂದು ಹಾಲ್‌ಗೆ ಹೋದೆ. ಫೋನಿನಲ್ಲಿದ್ದರು. "ರೀ... ಆ ಅನ್ನಿ!" — ಅದೇ ಕೀರಲು ದನಿ. ಆ ಕಡೆ ಯಾರೋ ನಗುತ್ತಿದ್ದರು.

ವಾಪಸ್ ಬಂದೆ. ದಿಂಬಿನ ಚೀಲ ತಣ್ಣೀರಿನಲ್ಲಿ ನೆನೆಹಾಕಿದೆ. ಕಲೆ ಹೋಯಿತು.

ಮಾರ್ಚ್ 29

ಬಾಯಿ ನಾರುತ್ತಿದೆ. ನಾನು ಗೋಡೆ ಕಡೆ ತಿರುಗಿ ಮಲಗುತ್ತೇನೆ. ಕನ್ನಡಿ ಮುಂದೆ ಬೆರಳಿನಿಂದ ಮುಂದಿನ ಹಲ್ಲು ಒತ್ತಿ ನೋಡಿಕೊಳ್ಳುತ್ತಿದ್ದರು. ನನ್ನನ್ನು ಕಂಡು ಕೈ ತೆಗೆದರು.

"ಉಪ್ಪು ಎಲ್ಲಿದೆ?"

"ಅಡುಗೆಮನೇಲಿ."

ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಹಾಕಿ ಮುಕ್ಕಳಿಸಬೇಕು, ಬರೀ ಅದರಿಂದ ಆಗದು, ಡಾಕ್ಟರಿಗೆ ತೋರಿಸಬೇಕು — ಎಲ್ಲ ನಾಲಿಗೆ ತುದಿಯಲ್ಲಿತ್ತು. ಅಲ್ಲೇ ಇರಲಿ. ಬೆರಳಲ್ಲಿ ಉಪ್ಪು ಅದ್ದಿ ಒಸಡಿಗೆ ತಿಕ್ಕಿಕೊಂಡು "ಹಾ!" ಎಂದು ಹಾರಿದರು. ಮಾಡಿದ್ದುಣ್ಣೋ ಮಹರಾಯ.

ಏಪ್ರಿಲ್ 13, ಕಾರ್ಯಕ್ರಮ ಮುಗಿದು

ಮೂರನೇ ಸಾಲಿನಲ್ಲಿದ್ದೆ. ಒಳ್ಳೆ ಸೀರೆ ಉಟ್ಟಿದ್ದೆ. ಶುರು ಚೆನ್ನಾಗಿತ್ತು. ಮೇಲಿನ ಸ್ವರಕ್ಕೆ ಏರುವಾಗ ಕೀಚ್ ಎಂದಿತು — ಬಾಗಿಲ ಸಂದಿಗೆ ಇಲಿ ಸಿಕ್ಕಂತೆ. ಮತ್ತೊಮ್ಮೆ. ಯಾರೋ ಕಿಸಕ್ಕೆಂದರು. ಆಮೇಲೆ ಸಭೆಯೇ ನಕ್ಕಿತು.

ನಾನೂ ನಕ್ಕೆ. ಬಾಯಿ ತುಂಬ. ಎಲ್ಲ ಹಲ್ಲು ಕಾಣುವ ಹಾಗೆ.

ಆ ಕತ್ತಲೆಯಲ್ಲೂ ನನ್ನನ್ನೇ ನೋಡಿದರು.

ಏಪ್ರಿಲ್ 17

ಅವರೇ ಕೇಳಿದರು, ಜೊತೆಗೆ ಬಾ ಎಂದು. ಹೋದೆ. ಡಾಕ್ಟರಮ್ಮ ಸಣ್ಣ ಕಡ್ಡಿಯಿಂದ ಒಸಡು ಅಳೆದರು. ಹಲ್ಲಿನಿಂದ ಬಿಟ್ಟುಕೊಂಡಿದೆಯಂತೆ. ಹಳೆಯ ರೋಗ, ಒಳಗೇ ಇತ್ತು, ಈಗ ಹೆಡೆ ಎತ್ತಿದೆ. ಕ್ಲೀನ್ ಮಾಡಿದರು. ಮೂರು ತಿಂಗಳು ಎರಡು ಹೊತ್ತೂ ಸರಿಯಾಗಿ ಉಜ್ಜಿದರೆ ಮುಂದಿನೆರಡು ಉಳಿಯಬಹುದು. ಇಲ್ಲವಾದರೆ ಕೀಳಬೇಕು. ಕಿತ್ತರೆ ಕ್ಲಾರಿನೆಟ್ ಗೋಡೆಗೆ.

"ಮನೇಲಿ ಯಾರೂ ಹೇಳ್ಲಿಲ್ವಾ?" ಎಂದರು.

"ಹೇಳ್ತಿದ್ಲು ಡಾಕ್ಟ್ರೇ. ನಾನೇ ಆಡ್ಕೊಂಡು ನಗ್ತಿದ್ದೆ."

ಕಣ್ಣು ತುಂಬಿತು, ಮರುಕ್ಷಣ ಸಿಟ್ಟೂ ಬಂತು. ಎಂಟು ಜನರ ಮುಂದೆ ಹೋದ ಮಾನ ಮಾಸ್ಕ್ ಹಾಕಿದ ಒಬ್ಬರ ಮುಂದೆ ವಾಪಸ್ ಬರುತ್ತದೆಯೇ? ಆ ಎಂಟು ಜನರೆದುರು ಹೇಳಲಿ. ಅಲ್ಲಿಯವರೆಗೆ ಬೀಗ ತೆಗೆಯುವುದಿಲ್ಲ.

ಏಪ್ರಿಲ್ 20, ರಾತ್ರಿ 9.30

ಬ್ಯಾಂಡಿನವರು ನೋಡಲು ಬಂದಿದ್ದರು. ಚಹಾ ಕೊಟ್ಟೆ. ಟ್ರಂಪೆಟ್‌ನವನು ಚಮಚ ಚಾಚಿದ — "ಗುರೂ, ಒಂದ್ಸಲ ಇನ್‌ಸ್ಪೆಕ್ಟರ್ ಮಾಡು, ಮನಸ್ಸು ಹಗುರಾಗ್ಲಿ!"

ಟ್ರೇ ಹಿಡಿದು ಅಲ್ಲೇ ನಿಂತೆ. ಈಗ. ಈಗ ಹೇಳಲಿ.

ಚಮಚ ಮೇಜಿನ ಮೇಲಿಟ್ಟರು. ನನ್ನ ಕಡೆ ನೋಡಿದರು. "ಇನ್‌ಸ್ಪೆಕ್ಟರ್ ರಜಾ ಹಾಕಿದ್ದಕ್ಕೇ ಕಣ್ರೋ ನನಗೀ ಗತಿ."

ಎಲ್ಲರೂ ನಕ್ಕರು. ಇವರು ನಗಲಿಲ್ಲ. ಆದರೂ ನಗಿಸಿದರಲ್ಲ! ತಪ್ಪೊಪ್ಪಿಗೆಯೂ ತಮಾಷೆಯಾಗಿಯೇ ಬರಬೇಕೇ ಈ ಮನುಷ್ಯನಿಗೆ? ಇದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಈಗ ಬಚ್ಚಲಲ್ಲಿದ್ದಾರೆ. ಬಾಗಿಲು ತೆರೆದೇ ಇದೆ. ಬ್ರಷ್ ಹಿಡಿದು ಬಹಳ ಹೊತ್ತಿನಿಂದ ನಿಂತಿದ್ದರು. "ಏನೇ... ಹೇಳಲ್ವಾ?" ಎಂದು ಕೂಗಿದರು. ಹೇಳುವುದಿಲ್ಲ. ಪೆನ್ನು ಕೆಳಗಿಡುವುದೂ ಇಲ್ಲ. ಹಲ್ಲು ಅವರದು, ಕ್ಲಾರಿನೆಟ್ ಅವರದು.

ಶುರು ಮಾಡಿದರು. ಅಡ್ಡಡ್ಡ ತಿಕ್ಕುತ್ತಿದ್ದಾರೆ, ಪಾತ್ರೆ ಬೆಳಗಿದಂತೆ. ಇಲ್ಲಿಗೇ ಕೇಳುತ್ತಿದೆ. ತಿಕ್ಕಲಿ. ನನಗೇನು.

ಅಯ್ಯೋ, ಎಷ್ಟು ಒತ್ತುತ್ತಾರೆ. ಹಾಗಲ್ಲ. ಹಾಗಲ್ಲ ರೀ, ಒಸಡಿನಿಂದ ಹಲ್ಲಿನ ಕಡೆಗೆ, ಮೆಲ್ಲಗೆ, ಆ ಮುಂದಿನೆರಡು ಇನ್ನೂ —