ಆರು ರೊಟ್ಟಿಯ ಹೊತ್ತು

ಯಲಬುರ್ಗಾ
೧೧-೨-೧೯೪೬, ಸೋಮವಾರ

ಗಂಗಾವತಿಯಲ್ಲಿರುವ ಚಿ. ಸೌ. ಶೇಖರಮ್ಮನಿಗೆ ತಾಯಿ ಗುರುಲಿಂಗಮ್ಮನ ಮನಸಾರೆ ಆಶೀರ್ವಾದಗಳು.

ನಾನು ಇಲ್ಲಿ ಗಟ್ಟಿಮುಟ್ಟಾಗಿದ್ದೇನೆ. ನಿನ್ನ ಪತ್ರ ಬಂದು ಇಪ್ಪತ್ತು ದಿನ ಆಯಿತು, ಉತ್ತರ ಬರೆಯದೆ ಕುಳಿತದ್ದು ನನ್ನದೇ ತಪ್ಪು. ಕಾಗದ ಸಿಗಲಿಲ್ಲ ಎಂದು ನೆಪ ಹೇಳಬಹುದಿತ್ತು, ಯುದ್ಧ ಮುಗಿದರೂ ಜನ ಇನ್ನೂ ಅದನ್ನೇ ಹೇಳುತ್ತಿದ್ದಾರೆ. ಆದರೆ ನಿನ್ನ ಅಪ್ಪನ ಪೆಟ್ಟಿಗೆಯಲ್ಲಿ ಸಾಲೆಯ ಹಳೇ ಪರೀಕ್ಷೆ ಕಾಗದ ಒಂದು ಕಟ್ಟು ಉಳಿದಿದೆ, ಹಿಂಬದಿ ಖಾಲಿ. ಈ ಹಾಳೆಯನ್ನು ತಿರುಗಿಸಿ ನೋಡು, ಯಾವನೋ ಪುಣ್ಯಾತ್ಮ ಕೃಷ್ಣೆಯನ್ನು ಕೊಪ್ಪಳದ ಪಕ್ಕದಲ್ಲೇ ಹರಿಸಿ ಎರಡು ಅಂಕ ಗಿಟ್ಟಿಸಿದ್ದಾನೆ. ಕೂಸಿನ ಕೆಮ್ಮು ಹೇಗಿದೆ? ಎದೆಗೆ ಬೆಚ್ಚಗಿನ ಎಣ್ಣೆ ಹಚ್ಚು. ನಿನ್ನ ಅತ್ತೆಯವರ ಮಂಡಿನೋವು ಕಡಿಮೆಯಾಗಿದ್ದರೆ ಸಂತೋಷ.

ಇಲ್ಲಿಯ ದೊಡ್ಡ ಸುದ್ದಿ ಎಂದರೆ ಈಶಪ್ಪ ಪಂಡಿತರು ನಮ್ಮ ಮನೆಗೆ ಬಂದದ್ದು. ಗಂಗಾವತಿಯಲ್ಲಿ ನಿನ್ನನ್ನು ಕಂಡು, ಕುಷ್ಟಗಿಯಲ್ಲಿ ಎರಡು ದಿನ ಯಾರದೋ ಮನೆಯಲ್ಲಿ ಉಂಡು, ಮೊನ್ನೆ ಶನಿವಾರ ಇಲ್ಲಿ ಇಳಿದರು. ಒಂದು ಗ್ರಂಥವನ್ನು ಮುಂದಿಟ್ಟರೆ ಅದನ್ನು ಬರೆದವರು ಯಾರೆಂದು ಕಂಡುಹಿಡಿಯುವುದು ಅವರ ವಿದ್ಯೆಯಂತೆ. ಅದಕ್ಕೆ ಕರ್ತೃತ್ವ ಸಂಶೋಧನೆ ಎಂದು ಹೆಸರು. ಬರೆದವರು ಬದುಕಿದ್ದರೆ ಕೇಳಿದರೆ ಆಯಿತಲ್ಲ ಎಂದು ನನಗನ್ನಿಸಿತು, ಆದರೆ ಕೇಳಿ ತಿಳಿಯುವುದು ಸಂಶೋಧನೆಯಲ್ಲವಂತೆ. ಹೆಗಲ ಮೇಲೆ ಜರಿ ಶಲ್ಯ, ಕಂಕುಳಲ್ಲಿ ಕೆಂಪು ದಫ್ತರ. ಒಳಗೆ ನಮ್ಮ 'ಗಾಜಿನ ಕಿಟಕಿಯೂ ಬಿಸಿಲಿನ ತಾಪವೂ' ಪುಸ್ತಕದ ಒಂದು ಪ್ರತಿ. ಒಂದೊಂದು ಸಾಲಿನ ಕೆಳಗೂ ಗೀಟು ಎಳೆದು ಎಳೆದು ಅದನ್ನು ಹೊಲ ಉತ್ತ ಹಾಗೆ ಮಾಡಿಟ್ಟಿದ್ದಾರೆ.

ಆ ಪುಸ್ತಕ ಹೇಗೆ ಹುಟ್ಟಿತು ಎಂಬುದು ನಿನಗೆ ಗೊತ್ತು. ಆದರೂ ಬರೆಯುತ್ತೇನೆ, ಯಾರಾದರೂ ಒಬ್ಬರು ಒಂದು ಸಲವಾದರೂ ಸರಿಯಾಗಿ ಬರೆಯಲಿ. ಊರ ಹಿರಿಯರು ನಿನ್ನ ಅಪ್ಪ ಕಲಿಸುತ್ತಿದ್ದ ಸಾಲೆಗೆ ಹೊಸ ಕಟ್ಟಡ ಕಟ್ಟಿಸಿದರು. ಪೇಟೆಯ ಬಂಗಲೆಯಂತೆ ಕಾಣಬೇಕೆಂದು ಕಟ್ಟಡದ ಉಸ್ತುವಾರಿ ನೋಡುವ ಓವರಸಿಯರು ಪಡುವಣ ಗೋಡೆಯ ತುಂಬ ಗಾಜಿನ ಕಿಟಕಿ ಇಡಿಸಿದರು. ಮಧ್ಯಾಹ್ನವಾದರೆ ಮಕ್ಕಳು ಹಂಚಿನ ಮೇಲೆ ಕುಳಿತಂತೆ ಬೇಯುತ್ತಿದ್ದರು. ನಿನ್ನ ಅಪ್ಪ ಮನೆಗೆ ಬಂದು, "ಗಾಜಿಗೆ ಏನರ ಮಾಡಬೇಕಲ್ಲ" ಎಂದು ಮೂರು ದಿನ ಗೊಣಗಿದರು. ನಾಲ್ಕನೆಯ ದಿನ ನಾನು ಬಡಿಗೇರ ಬಾಬಾಸಾಬನನ್ನು ಕರೆಸಿದೆ.

ಒಂದೇ ಅಳತೆಯ ನಾಲ್ಕು ತಗಡಿನ ಡಬ್ಬಿ. ಬಾಬಾಸಾಬ ಮಾಡಿಕೊಟ್ಟ ನಾಲ್ಕು ಚೌಕಟ್ಟು, ಕಟ್ಟಡದಲ್ಲಿ ಉಳಿದಿದ್ದ ಗಾಜು. ಮೊದಲನೆಯದಕ್ಕೆ ಒಂದೇ ಗಾಜು. ಎರಡನೆಯದಕ್ಕೆ ನಡುವೆ ಬೆರಳು ಜಾಗ ಬಿಟ್ಟು ಎರಡು ಗಾಜು. ಮೂರನೆಯದಕ್ಕೆ ಒಳಮೈಗೆ ಸುಣ್ಣ, ನಾಲ್ಕನೆಯದಕ್ಕೆ ಹೊರಮೈಗೆ ಸುಣ್ಣ. ಪ್ರತಿ ಡಬ್ಬಿಯಲ್ಲಿ ಅಡಿಕೆ ಗಾತ್ರದ ಬೆಣ್ಣೆ. ಹಿತ್ತಲ ಬಿಸಿಲಿಗೆ ಸಾಲಾಗಿ ಇಟ್ಟು ನಾನು ಪಕ್ಕದ ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಕುಳಿತೆ. ಮನೆಯಲ್ಲಿದ್ದ ಒಂದೇ ಗಡಿಯಾರ ನಿನ್ನ ಅಪ್ಪನ ಜೇಬಿನಲ್ಲಿ ಸಾಲೆಗೆ ಹೋಗುತ್ತಿತ್ತು. ಹಾಗಾಗಿ ನನ್ನ ಗಡಿಯಾರ ರೊಟ್ಟಿ. ನನ್ನ ಕೈಯಲ್ಲಿ ಒಂದು ಬಡಿದು ಬೇಯಿಸಿ ಇಳಿಸುವ ಹೊತ್ತು ಇಂದಿಗೂ ಎಂದಿಗೂ ಒಂದೇ. ಹತ್ತು ವರ್ಷದ ನೀನು ಡಬ್ಬಿಗಳ ಮುಂದೆ ಕುಕ್ಕರಗಾಲಲ್ಲಿ ಕುಳಿತು ಕೂಗುತ್ತಿದ್ದೆ, "ಅವ್ವಾ, ಒಂದನೇದ್ದು ಕರಗೇತಿ ನೋಡ! ಎಷ್ಟನೇ ರೊಟ್ಟಿ?"

ಆರನೆಯದು. ಎರಡು ಗಾಜಿನದು, ಮೊದಲ ದಿನ ಬಿಟ್ಟರೆ, ಎಂಟು. ಒಳಗೆ ಸುಣ್ಣ ಬಳಿದದ್ದು ಹತ್ತು. ಹೊರಗೆ ಬಳಿದದ್ದು ಹದಿನಾರು ರೊಟ್ಟಿ ಮುಗಿದರೂ ರೂಪು ಕೆಡಲಿಲ್ಲ. ಮೂರು ಜನರ ಮನೆಯಲ್ಲಿ ಹದಿನಾರು ರೊಟ್ಟಿ! ಹದಿನೈದು ದಿನ ಹೀಗೇ ನಡೆಯಿತು. ಗಾಜು ಬದಲಿಸಿದೆ, ನಡುವಿನ ಜಾಗ ಬದಲಿಸಿದೆ. ಉಳಿದ ರೊಟ್ಟಿ ತಿಂದು ಓಣಿಯವರೆಲ್ಲ ದುಂಡಗಾದರು. ಎಲ್ಲವನ್ನೂ ನಾನು ಬರೆದಿಟ್ಟೆ, ನಿನ್ನ ಅಪ್ಪ ಪುಸ್ತಕ ಮಾಡಿಸಿದರು, ಮುಖಪುಟದ ಮೇಲೆ ದೇವೇಂದ್ರಪ್ಪ ಮಾಸ್ತರ ಎಂದು ಅಚ್ಚಾಯಿತು. ಆಗ ಅವರು ಹೇಳಿದ ಮಾತು ನನ್ನ ಕಿವಿಯಲ್ಲಿದೆ: "ಹೆಣ್ಣಮಗಳ ಹೆಸರ ಕಂಡರ ಯಾರೂ ಹಾಳಿ ತಿರುವಂಗಿಲ್ಲ. ಈ ಸಲ ನಂದಿರಲಿ. ಎರಡನೇ ಸಲ ಅಚ್ಚಾದಾಗ ನಿನ್ನ ಹೆಸರ ಹಾಕಸ್ತೀನಿ." ಹಾಕಿಸುವ ಮೊದಲೇ ಹೋಗಿಬಿಟ್ಟರು, ನಾಲ್ಕು ವರ್ಷವಾಯಿತು. ಸತ್ತವರನ್ನು ಆಡಿಕೊಳ್ಳಬಾರದು, ಆದರೆ ಓವರಸಿಯರ ಎದುರು ಆ ಪುಸ್ತಕವನ್ನು ತಿರುವಿ ತೋರಿಸುವಾಗ ಅವರ ಮೀಸೆ ಕುಣಿಯುತ್ತಿದ್ದುದನ್ನು ನಾನು ಬಾಗಿಲ ಸಂದಿಯಿಂದ ನೋಡಿದ್ದೇನೆ.

ಈಗ ಕೊಪ್ಪಳದ ಒಂದು ಸಂಘದವರು ಅದನ್ನು ಎರಡನೆಯ ಸಲ ಅಚ್ಚು ಹಾಕಿಸುತ್ತಾರಂತೆ. ಪಂಡಿತರ ಪೀಠಿಕೆ, ಪಂಡಿತರ ಟಿಪ್ಪಣಿ. ಯಾರ ಹೆಸರು ಹಾಕಬೇಕು ಎಂಬುದನ್ನು ತೀರ್ಮಾನಿಸುವವರೂ ಪಂಡಿತರೇ. ಎಂಟು ವರ್ಷ ನಾನು ಕಾದ ಆ ಎರಡನೆಯ ಸಲ ಇದೇ, ಶೇಖರಿ.

ಊಟದ ಹೊತ್ತಿಗೆ ಬಂದಿದ್ದರು, ಮಣೆ ಹಾಕಿದೆ. ಅವರು ಪಡಸಾಲೆಯಲ್ಲಿ ಉಣ್ಣುತ್ತ, ನಾನು ಒಲೆಯ ಮುಂದೆ ಬಡಿಯುತ್ತ, ಸಂಶೋಧನೆ ನಡೆಯಿತು.

"ನೋಡ್ರಿ ಅಮ್ಮಾರ, ಈ ಪುಸ್ತಕದಾಗ ಎರಡು ಕೈ ಅದಾವ. ಸಣ್ಣ ಸಣ್ಣ ವಾಕ್ಯ ಬರದಾಂವ ಒಬ್ಬ, ಉದ್ದಾನ ವಾಕ್ಯ ಬರದಾಂವ ಇನ್ನೊಬ್ಬ. ನಾ ಒಂದೊಂದ ಶಬ್ದ ಎಣಿಸೀನಿ" ಎಂದರು.

"ಹೌದೇನ್ರಿ? ಸಣ್ಣ ವಾಕ್ಯ ಯಾರದ್ರಿ ಹಂಗಾದ್ರ?"

"ಓವರಸಿಯರಂದು. ಅಳತಿ, ಲೆಕ್ಕ ಎಲ್ಲಾ ಅದರಾಗ ಐತಿ. ಬಿಗಿಯಾದ ಗಂಡಸಿನ ಬುದ್ಧಿ. ಉದ್ದಾನವು ನಿಮ್ಮ ಮಾಸ್ತರವ್ರವು."

ಸಣ್ಣ ವಾಕ್ಯ ಯಾಕೆ ಸಣ್ಣದಾಯಿತು ಎಂದು ಅವರಿಗೆ ಹೇಗೆ ಗೊತ್ತಾಗಬೇಕು? ಹಂಚಿನ ಮೇಲೆ ರೊಟ್ಟಿ ಇರುವಾಗ ಎಷ್ಟು ಉದ್ದ ಬರೆಯಲು ಬರುತ್ತದೆ? ಒಂದು ಕೈಗೆ ಹಿಟ್ಟು, ಇನ್ನೊಂದು ಕೈಗೆ ಸೀಸದಕಡ್ಡಿ. ಉದ್ದ ವಾಕ್ಯಗಳು ಮಧ್ಯಾಹ್ನ ನೀನು ಮಲಗಿದ ಮೇಲೆ ಬರೆದವು. ಓವರಸಿಯರೋ, ಆ ಮನುಷ್ಯ ಬರೆದ ಚೀಟಿಯನ್ನು ಓದಲು ಓವರಸಿಯರೇ ಬೇಕಾಗುತ್ತಿತ್ತು.

ರೊಟ್ಟಿಯ ಲೆಕ್ಕ ಪಂಡಿತರ ತಲೆ ಕೆಡಿಸಿದೆ. ಆರು ರೊಟ್ಟಿಯ ಹೊತ್ತಿಗೆ ಬೆಣ್ಣೆ ಕರಗಿತು ಎಂಬುದನ್ನು ಅವರು ಎಲ್ಲ ಕಡೆ ಹೊಡೆದುಹಾಕಿ ಮೂವತ್ತು ನಿಮಿಷ ಎಂದು ತಿದ್ದಿದ್ದಾರೆ.

"ಒಂದ ರೊಟ್ಟಿಗೆ ಐದ ನಿಮಿಷ ಹೆಂಗ ಹಿಡದ್ರಿ?" ಎಂದು ಕೇಳಿದೆ.

"ತಿಂದ ನೋಡೀನ್ರಿ. ಸಾವಕಾಶ ತಿಂದರ ಬರೋಬ್ಬರಿ ಐದ ನಿಮಿಷ. ಮಾಸ್ತರವ್ರು ಉಣ್ಣಕೋತ ಬರದಾರ, ಅದು ಖರೇನ."

ಇದನ್ನು ಹೇಳುವಾಗ ಅವರ ಕೈಯಲ್ಲಿದ್ದದ್ದು ನಾಲ್ಕನೆಯದು. ನಾನು ಐದನೆಯದನ್ನು ಬಡಿಯುತ್ತಿದ್ದೆ, ಸಪ್ಪಳ ಅವರ ಕಿವಿಗೆ ಬೀಳುತ್ತಿತ್ತು. ರೊಟ್ಟಿ ತಟ್ಟೆಯಲ್ಲೇ ಹುಟ್ಟುತ್ತದೆ ಎಂದು ತಿಳಿದ ಜಾತಿ ಅದು. ಅಷ್ಟೇ ಅಲ್ಲ, ಬೇಸಿಗೆಯ ತಾಪ ಕುರಿತ ಪುಸ್ತಕಕ್ಕೆ ಮಾಘ ಮಾಸದಲ್ಲಿ ಪರೀಕ್ಷೆ ಮಾಡಿದ್ದು ಲೇಖಕರ ದೋಷ ಎಂದು ಟಿಪ್ಪಣಿ ಹಾಕಿದ್ದಾರೆ. ಯಲಬುರ್ಗಾದ ಬೇಸಿಗೆಯಲ್ಲಿ ಬೆಣ್ಣೆ ಗಡಿಗೆಯೊಳಗೇ ತುಪ್ಪದಂತೆ ನಿಂತಿರುತ್ತದೆ, ಗಾಜಿನ ಹಿಂದೆ ಕರಗಿಸಲು ಉಳಿಯುವುದೇನು? ಮಜ್ಜಿಗೆ ಕಡೆದ ಯಾವ ಹೆಂಗಸನ್ನು ಕೇಳಿದ್ದರೂ ಹೇಳುತ್ತಿದ್ದಳು.

ಇನ್ನೊಂದು ಕೇಳಿ ನಗು. ಮೊದಲ ದಿನ ಎರಡನೆಯ ಡಬ್ಬಿಯ ಫಲ ಪುಸ್ತಕದಲ್ಲಿ ಇಲ್ಲವಲ್ಲ, ಅದರ ಮೇಲೆ ಪಂಡಿತರು ನಾಲ್ಕು ಪುಟ ಬರೆದಿದ್ದಾರೆ. ಮೂಲ ಪ್ರತಿಯ ಒಂದು ಹಾಳೆ ಕಳೆದಿರಬೇಕಂತೆ, ಅದನ್ನು ಹುಡುಕಲು ನವಲಿ ಊರಿನ ತನಕ ಹೋಗಿ ಬಂದರಂತೆ. ಆ ಡಬ್ಬಿಯ ಬೆಣ್ಣೆ ನಿನ್ನ ಹೊಟ್ಟೆಯಲ್ಲಿದೆ, ನನ್ನವ್ವ. ಎಂಟನೆಯ ರೊಟ್ಟಿ ಬೇಯುವ ಮೊದಲೇ ಚೌಕಟ್ಟು ಎತ್ತಿ ನೆಕ್ಕಿ, ಬಾಯಿ ಒರೆಸಿಕೊಂಡು, "ಇದು ಗಪ್ಪನ ಕರಗಿತಬೇ" ಎಂದಿದ್ದೆ. ಗಲ್ಲಕ್ಕೆ ಹತ್ತಿದ್ದನ್ನು ನೋಡಿ ನನಗೆ ಹೊಡೆಯಲೂ ಆಗಲಿಲ್ಲ.

ನನಗೆ ತಡೆಯಲಾಗಲಿಲ್ಲ. ರೊಟ್ಟಿ ಹಂಚಿನ ಮೇಲೇ ಬಿಟ್ಟು ಹೊರಗೆ ಬಂದು, "ಬಾಬಾಸಾಬನ್ನ ಕೇಳೀರೇನ್ರಿ? ಇದೇ ಓಣ್ಯಾಗ ಅದಾನ" ಎಂದೆ.

"ಬಡಿಗೇರಗ ಏನ ತಿಳಿತೈತ್ರಿ? ಅಂವಾ ಏನೇನೋ ಅಂದ. ಅಕ್ಕಾರು ಅಳತಿ ಹೇಳ್ಯಾರ, ನಾ ಚೌಕಟ್ಟ ಮಾಡೀನಿ ಅಂತಾನ. ಅಂಥಾ ಮಾತು ಸಂಶೋಧನಿಗೆ ಬರಂಗಿಲ್ಲ."

ಅಂದರೆ ಕೇಳಿದ್ದರು, ಉತ್ತರವೂ ಸಿಕ್ಕಿತ್ತು, ಹಿಡಿಸಲಿಲ್ಲ. ಆಗ ನಾನು ಬಾಯಿ ತೆರೆದೆ. ಬರೆದಾಕಿ ನಾನು ಎನ್ನುವುದರಲ್ಲಿದ್ದೆ. ಅಷ್ಟರಲ್ಲಿ ಪಂಡಿತರು ದಫ್ತರದಿಂದ ಒಂದು ಹಾಳೆ ತೆಗೆದು ಓದಿದರು. ಅದನ್ನು ಕೇಳಿ ಒಳಗೆ ಹೋದೆ. ಹಂಚಿನ ಮೇಲಿದ್ದುದು ಕರಿಕಾಗಿತ್ತು. ಇಷ್ಟು ವರ್ಷದಲ್ಲಿ ನಾನು ಲೆಕ್ಕ ತಪ್ಪಿದ ರೊಟ್ಟಿ ಅದೊಂದೇ ಇರಬೇಕು.

ನಿನ್ನೆ ಬೆಳಿಗ್ಗೆ ಪಂಡಿತರು ಕೊಪ್ಪಳಕ್ಕೆ ಹೊರಟುಹೋದರು. ದಾರಿಗೆ ಬುತ್ತಿ ಕಟ್ಟಿಸಿಕೊಳ್ಳುವುದನ್ನು ಮರೆಯಲಿಲ್ಲ. ಎರಡನೆಯ ಸಲದ ಪುಸ್ತಕದಲ್ಲಿ ದೇವೇಂದ್ರಪ್ಪನವರ ಹೆಸರು, ಕೆಳಗೆ ಓವರಸಿಯರ ಹೆಸರು, ಪಂಡಿತರ ಹೆಸರು ಎಲ್ಲಕ್ಕಿಂತ ದಪ್ಪಗೆ. ಸಾಲೆಯ ಕಿಟಕಿಗಳಿಗೆ ಈ ವರ್ಷವೂ ಹೊರಗಿನಿಂದ ಸುಣ್ಣ ಬಳಿದಿದ್ದಾರೆ, ಮಕ್ಕಳು ತಣ್ಣಗಿದ್ದಾರೆ. ಸುಣ್ಣ ಹೆಸರು ಕೇಳದೆ ತನ್ನ ಕೆಲಸ ಮಾಡುತ್ತದೆ.

ಕೂಸಿಗೆ ನನ್ನ ಮುತ್ತು. ಅಳಿಯಂದಿರಿಗೆ, ಅತ್ತೆಯವರಿಗೆ ನನ್ನ ಶರಣು ತಿಳಿಸು. ಹೊಟ್ಟೆ ತುಂಬ ಉಣ್ಣು, ಬಿಸಿಲಲ್ಲಿ ತಿರುಗಬೇಡ. ಮುತ್ತೈದೆಯಾಗಿ ನೂರು ಕಾಲ ಬಾಳು.

ನಿನ್ನ ತಾಯಿ
ಗುರುಲಿಂಗಮ್ಮ

ತಾ. ಕ.: ಪಂಡಿತರು ಓದಿದ ಹಾಳೆಯಲ್ಲಿ ಏನಿತ್ತು ಎಂದು ಬರೆಯಬಾರದು ಅಂದುಕೊಂಡಿದ್ದೆ. ಆಗಲಿಲ್ಲ. "ಮಾಸ್ತರರ ಮಗಳು ಗಂಗಾವತಿಯ ಶೇಖರಮ್ಮನವರ ಹೇಳಿಕೆ: ನಮ್ಮವ್ವಗ ಓದು ಬರಹ ಬರಂಗಿಲ್ಲ, ಎಲ್ಲಾ ನಮ್ಮಪ್ಪಾರೇ ಬರದಾರ." ಕೆಳಗೆ ನಿನ್ನ ಸಹಿ. ಆ ಅಕ್ಷರ ನನಗೆ ಗುರುತು ಸಿಗದೆ ಇರುತ್ತದೆಯೇ? ಹಿತ್ತಲ ಮರಳಿನ ಮೇಲೆ ನಿನ್ನ ಬೆರಳು ಹಿಡಿದು ಅದನ್ನು ತಿದ್ದಿಸಿದವಳು ನಾನು. ಅತ್ತೆಯವರು ಎದುರಿಗೇ ಕುಳಿತಿದ್ದರೇನೋ, ಬರೆಯುವ ಬೀಗತಿ ಎಂದರೆ ಅವರಿಗೆ ನಗೆಯೇನೋ ಎಂದು ಎರಡು ದಿನ ನಿನ್ನ ಪರವಾಗಿ ನಾನೇ ನೆಪ ಹುಡುಕಿದೆ. ಒಂದೂ ನಿಲ್ಲಲಿಲ್ಲ.

ಪುಸ್ತಕ ಅಚ್ಚು ಹಾಕಲು ವಾರಸುದಾರರ ಒಪ್ಪಿಗೆ ಬೇಕೆಂದು ಪಂಡಿತರು ಕಾಗದ ಚಾಚಿದರು. ಪಕ್ಕದಲ್ಲಿ ಮಸಿಯ ಡಬ್ಬಿ ತೆರೆದಿಟ್ಟರು. ಲೇಖನಿಯೂ ಅಲ್ಲೇ ಇತ್ತು. ನಾನು ಸಹಿ ಮಾಡಿದ್ದರೆ ನೀನು ಹತ್ತು ಜನರ ಮುಂದೆ ಸುಳ್ಳಿ ಆಗುತ್ತಿದ್ದೆ. ಹೆಬ್ಬೆಟ್ಟು ಒತ್ತಿದೆ.

ಈ ಪತ್ರ ಯಾರು ಬರೆದದ್ದು ಎಂದು ನಿನ್ನ ಮನೆಯವರು ಕೇಳಿದರೆ, ಬಾಬಾಸಾಬನ ಕೈಯಲ್ಲಿ ಬರೆಸಿದ್ದಾಳೆ ಎಂದು ಹೇಳು. ಅವನಿಗೆ ಒಂದಕ್ಷರವೂ ಬಾರದು, ಆದರೆ ಗಂಡಸು, ನಂಬುತ್ತಾರೆ.