ಏಳು ಉಸಿರು

ಮಂಗಳವಾರ, ಮಾರ್ಚ್ ೯

ಪ್ರೀತಿಯ ಉದ್ದಣ್ಣ,

ನಿನ್ನ ಪತ್ರ ಬಂದು ಇಂದಿಗೆ ಹದಿನೇಳು ದಿನ. ಉತ್ತರ ಬರೆಯಲೇ ಇಲ್ಲ ಎಂದುಕೊಳ್ಳಬೇಡ. ದಿನಾ ಬರೆದೆ, ಮನಸ್ಸಿನಲ್ಲಿ. ಮನಸ್ಸಿನ ಅಂಚೆಗೆ ಸ್ಟಾಂಪು ಬೇಕಿಲ್ಲ, ಆದರೆ ಅದು ಮನೆಯ ಹೊಸ್ತಿಲನ್ನೂ ದಾಟುವುದಿಲ್ಲ, ಅಷ್ಟೇ ತೊಂದರೆ. ನೀನು ಎಡಗೈಯಲ್ಲಿ ಕಷ್ಟಪಟ್ಟು ನಾಲ್ಕು ಸಾಲು ಬರೆದು ಕಳಿಸುತ್ತೀಯ, ಎರಡೂ ಕೈ ನೆಟ್ಟಗಿರುವ ನಾನು ಹದಿನೇಳು ದಿನ ಸತಾಯಿಸುತ್ತೇನೆ. ಬೈಯಬೇಕೆನಿಸಿದರೆ ಅತ್ತಿಗೆಯ ಬಾಯಲ್ಲಿ ಬೈಸು. ಅವರು ನಿನಗಿಂತ ಚೆನ್ನಾಗಿ ಬೈಯುತ್ತಾರೆ, ಮೊದಲಿನಿಂದಲೂ.

ಇಲ್ಲಿ ನಾವಿಬ್ಬರೂ ಸುಖವಾಗಿದ್ದೇವೆ. ನನ್ನವಳ ಮಂಡಿನೋವು ಇಳಿದಿದೆ, ನನ್ನ ಹೊಟ್ಟೆ ಮಾತ್ರ ಇಳಿದಿಲ್ಲ. ಬೆಳಿಗ್ಗೆ ಆರರಿಂದ ಹನ್ನೊಂದರವರೆಗೆ ಬರೆಯುತ್ತೇನೆ. ಎಲ್ಲಿ ಗೊತ್ತೆ? ಅಡುಗೆಮನೆಯ ಪಕ್ಕದ ಇಸ್ತ್ರಿ ಮೇಜಿನ ಮೇಲೆ, ನಿಂತುಕೊಂಡು. ಕುಳಿತರೆ ನಿದ್ದೆ ಬರುತ್ತದೆ. ನಿಂತು ಮಾತಾಡಿಯೇ ಹೊಟ್ಟೆ ಹೊರೆದವನಿಗೆ ಕುಳಿತರೆ ಮಾತು ಹುಟ್ಟುವುದೂ ಇಲ್ಲ. ಹನ್ನೊಂದು ಹೊಡೆಯುತ್ತಿದ್ದಂತೆ ಅವಳು ಬಟ್ಟೆಯ ರಾಶಿ ಹೊತ್ತು ಬಂದು ನಿಲ್ಲುತ್ತಾಳೆ. "ಸಾಹಿತಿಗಳೇ, ನಿಮ್ಮ ದುಃಖ ಸ್ವಲ್ಪ ಆ ಕಡೆ ಸರಿಸ್ತೀರಾ? ದಿಂಬಿನ ಚೀಲ ಇಸ್ತ್ರಿ ಮಾಡ್ಬೇಕು" ಎನ್ನುತ್ತಾಳೆ. ಸರಿಸುತ್ತೇನೆ. ಸಂಜೆ ಅದೇ ಹಳೆಯ ಚೌಕಳಿ ಕೋಟು ತೊಟ್ಟು ಜನರನ್ನು ನಗಿಸಲು ಹೊರಡುತ್ತೇನೆ. ಎರಡು ದೋಣಿಯಲ್ಲಿ ಕಾಲಿಟ್ಟವನು ಮುಳುಗುತ್ತಾನೆ ಎನ್ನುತ್ತಾರೆ. ನಾನಂತೂ ಸದ್ಯಕ್ಕೆ ತೇಲುತ್ತಿದ್ದೇನೆ.

ನನ್ನ ಕಾದಂಬರಿ ನಿನಗೆ ತಲುಪಿತೆಂದು ಅತ್ತಿಗೆ ಫೋನಿನಲ್ಲಿ ಹೇಳಿದರು. ಅದರ ಪಾಡು ಕೇಳು. ಗಂಡ ಸತ್ತ ಮೇಲೆ ಟಿಕೆಟ್ ಕಿಟಕಿಯ ಹಿಂದೆ ಮೂವತ್ತು ವರ್ಷ ಕೂತ ಹೆಂಗಸಿನ ಕಥೆ ಅದು. ನಗುವ ಮಾತು ಒಂದೂ ಇಲ್ಲ. ಅಂಗಡಿಯವರು ನನ್ನ ಹೆಸರು ನೋಡಿ ಹಾಸ್ಯದ ಕಪಾಟಿನಲ್ಲಿಟ್ಟರು. ಒಬ್ಬ ಓದುಗ ಬರೆದ: "ಸ್ವಾಮೀ, ನೂರಾ ಹತ್ತು ಪುಟ ಓದಿದ್ದೇನೆ, ಇನ್ನೂ ನಗು ಬಂದಿಲ್ಲ. ನನ್ನ ಪ್ರತಿಯಲ್ಲಿ ಕೆಲವು ಹಾಳೆ ಬಿಟ್ಟುಹೋಗಿರಬಹುದು, ಬದಲಿಸಿ ಕೊಡಿ." ನಾನು ಬೇರೆ ಪ್ರತಿಯನ್ನೇ ಕಳಿಸಿದೆ. ತಿಂಗಳ ಮೇಲೆ ಮತ್ತೊಂದು ಕಾಗದ ಬಂತು: "ಇದರಲ್ಲೂ ಇಲ್ಲ. ಆದರೆ ನನ್ನ ಹೆಂಡತಿ ಓದಿ ಅತ್ತಳು. ಪರವಾಗಿಲ್ಲ, ಇಟ್ಟುಕೊಳ್ಳುತ್ತೇವೆ." ಇದಕ್ಕಿಂತ ದೊಡ್ಡ ಪ್ರಶಸ್ತಿ ನನಗೆ ಬರಲಿಕ್ಕಿಲ್ಲ.

ಈಗ ನಾನು ಬರೆದ ನಾಟಕಕ್ಕೆ ಬರುತ್ತೇನೆ. ನೀನು ನೋಡಲು ಬರುವ ಮೊದಲು ಅದರ ಬಗ್ಗೆ ನಿನಗೆ ಒಂದು ವಿಷಯ ಹೇಳಬೇಕು. ಹದಿನೇಳು ದಿನ ತಡವಾದದ್ದು ಅದಕ್ಕೇ. ಹೇಳುತ್ತೇನೆ, ಆದರೆ ಮೊದಲು ನಗುವ ಭಾಗ. ನನ್ನ ಹಳೆಯ ಚಾಳಿ ನಿನಗೆ ಗೊತ್ತೇ ಇದೆ.

ನೀನೇ ಕಲಿಸಿದ ಪದ್ಧತಿ ನೆನಪಿದೆಯೆ? ವೇದಿಕೆಯಲ್ಲಿ ನಾವಿಬ್ಬರೂ ಆಡುವ ಮಾತುಗಳನ್ನು ಬರೆದ ಹಾಳೆಯ ಅಂಚಿನಲ್ಲಿ ಒಂದು ಸೊನ್ನೆ ಸುತ್ತಿ ಒಳಗೊಂದು ಅಂಕಿ ಬರೆಯುತ್ತಿದ್ದೆವು. ಎರಡು ಎಂದರೆ ಎರಡು ಉಸಿರು, ನಾಲ್ಕು ಎಂದರೆ ನಾಲ್ಕು. ಜನ ನಗುವಷ್ಟು ಹೊತ್ತು ನಾವು ಬಾಯಿ ಮುಚ್ಚಿಕೊಂಡಿರಬೇಕಾದ ಅಳತೆ. "ನಗು ಮುಗಿಯೋ ಮುಂಚೆ ಬಾಯಿ ತೆಗೆದವನು ತನ್ನ ಮುಂದಿನ ಮಾತನ್ನ ತಾನೇ ಕೊಂದ ಹಾಗೆ" ಎಂದು ಎಷ್ಟು ಸಲ ಬೈದಿದ್ದೀಯ! ಇಪ್ಪತ್ತೆರಡು ವರ್ಷದ ಅಭ್ಯಾಸ ಬಿಟ್ಟೀತೆ? ಈ ನಾಟಕ ಬರೆಯುವಾಗಲೂ ಕೈ ತನ್ನಷ್ಟಕ್ಕೆ ಅಲ್ಲಲ್ಲಿ ಸೊನ್ನೆ ಸುತ್ತಿಬಿಟ್ಟಿದೆ. ನಾನು ಗಮನಿಸದೆ ಹಾಗೇ ನಿರ್ದೇಶಕಿಗೆ ಕೊಟ್ಟೆ.

ನಿರ್ದೇಶಕಿ ಮೂವತ್ತೂ ತುಂಬದ ಹುಡುಗಿ, ಮಾತು ಕಡಿಮೆ, ಕಣ್ಣು ಚುರುಕು. ಮೂರು ವಾರ ಕಳೆದು ತಾಲೀಮು ನೋಡಲು ಹೋದೆ. ಹಳೆಯ ಗೋದಾಮಿನಲ್ಲಿ ನೆಲಕ್ಕೆ ಸೀಮೆಸುಣ್ಣದ ಗೆರೆ ಎಳೆದು ಅಭ್ಯಾಸ ಮಾಡುತ್ತಿದ್ದರು. ಒಬ್ಬ ನಟ ಒಂದು ತಮಾಷೆಯ ಮಾತು ಹೇಳಿದ. ಹೇಳಿದವನು ನಿಂತ. ಕೇಳಿದವನೂ ನಿಂತ. ಮೂಲೆಯಲ್ಲಿ ಕಸ ಗುಡಿಸುವ ಪಾತ್ರದವಳೂ ಪೊರಕೆ ಹಿಡಿದು ದೀಪದ ಕಂಬದ ಹಾಗೆ ನಿಂತಳು. ಒಂದು, ಎರಡು, ಮೂರು ಉಸಿರು. ಆಮೇಲೆ ಮಾತು ಮುಂದುವರಿಯಿತು. ಹೀಗೆ ಹತ್ತಾರು ಕಡೆ! ಯಾರಿಗೋ ಏನೋ ಆಗಿದೆ ಎಂದುಕೊಂಡೆ. ನಿರ್ದೇಶಕಿ ಹತ್ತಿರ ಬಂದು, "ಸಾರ್, ನೀವು ಬರೆದಿರೋ ಮೌನಗಳೇ ಈ ನಾಟಕದ ಜೀವ. ಒಂದು ಉಸಿರೂ ಹೆಚ್ಚುಕಮ್ಮಿ ಮಾಡಿಲ್ಲ" ಎಂದಳು.

ನಗುವ ಜಾಗ ಎಂದು ನಾನು ಬಿಟ್ಟದ್ದನ್ನು ಅವಳು ಮೌನ ಎಂದು ಓದಿದ್ದಳು! ನಿಜ ಹೇಳಲು ಬಾಯಿ ತೆರೆದವನು, ನಟರ ಮುಖ ನೋಡಿ ಸುಮ್ಮನಾದೆ. ಯಾಕೆಂದರೆ, ಉದ್ದಣ್ಣ, ಅದು ಚೆನ್ನಾಗಿತ್ತು. ತಮಾಷೆಯ ಮಾತಿನ ಹಿಂದೆ ಯಾರೂ ನಗದಿದ್ದರೆ ಆ ಮಾತಿನ ಒಳಗಿದ್ದದ್ದೆಲ್ಲ ಹೊರಗೆ ಕಾಣುತ್ತದೆ. ನನಗೆ ಅರವತ್ತೊಂದನೆಯ ವಯಸ್ಸಿನಲ್ಲಿ, ಅದೂ ತಪ್ಪಿನಿಂದ, ಗೊತ್ತಾಯಿತು. ಗಂಭೀರವಾಗಿ ತಲೆಯಾಡಿಸಿ, "ಹೌದಮ್ಮ, ಮೌನ ಮುಖ್ಯ" ಎಂದು ಹೇಳಿ, ಅವಳ ಚಹಾ ಕುಡಿದು ಮನೆಗೆ ಬಂದೆ.

ನಾಟಕ ಹೌಸ್‌ಫುಲ್ ಆಗಿ ಓಡುತ್ತಿದೆ. ಒಂದು ಪತ್ರಿಕೆ ನನ್ನನ್ನು 'ಮೌನದ ನಾಟಕಕಾರ' ಎಂದು ಕರೆಯಿತು. ನನ್ನವಳು ಅದನ್ನು ಗಟ್ಟಿಯಾಗಿ ಎರಡು ಸಲ ಓದಿ, "ಆ ಮೌನ ಮನೇಲಿ ಒಂದಿನ ಆಡಿ ತೋರಿಸಿ, ಟಿಕೆಟ್ ತಗೊಂಡು ನೋಡ್ತೀನಿ" ಎಂದಳು. ಕ್ಷೌರಕ್ಕೆ ಹೋದರೆ ಅಲ್ಲಿಯವನು, "ನೀವು ಆ ಜೋಕ್ ಮಾಡೋರೋ, ಅಳು ಬರೆಯೋರೋ?" ಎಂದು ಕೇಳಿದ. ಇಬ್ಬರೂ ಎಂದೆ. "ಹಾಗಿದ್ರೆ ಇಬ್ಬರ ತಲೆಗೂ ಸೇರಿ ಕೂದಲು ಕಮ್ಮಿನೇ" ಎಂದ. ಆ ಮಾತನ್ನು ಅವನಿಗೆ ಹೇಳದೆಯೇ ಸಂಜೆಯ ಕಾರ್ಯಕ್ರಮಕ್ಕೆ ಸೇರಿಸಿಕೊಂಡಿದ್ದೇನೆ. ಚೆನ್ನಾಗಿ ಹೋಗುತ್ತಿದೆ, ಮೂರು ಉಸಿರು.

ಎಲ್ಲರೂ ಕೇಳುತ್ತಾರೆ, ನಗಿಸುವವನು ಬರೆಯಲು ಯಾಕೆ ಶುರುಮಾಡಿದೆ ಎಂದು. ಅವರಿಗೆ ಏನೇನೋ ಹೇಳುತ್ತೇನೆ. ನಿನಗೆ ನಿಜ ಹೇಳುತ್ತೇನೆ. ಎಂಟು ವರ್ಷದ ಹಿಂದೆ ನೀನು ಆಸ್ಪತ್ರೆಯಲ್ಲಿದ್ದಾಗ ನಾನು ಹೊರಗಿನ ಓಣಿಯಲ್ಲಿ ಬೆಂಚಿನ ಮೇಲೆ ಕೂತಿರುತ್ತಿದ್ದೆ. ಏನೋ ಒಂದು ತಮಾಷೆ ಹೊಳೆಯುತ್ತಿತ್ತು, ಅರ್ಧಕ್ಕೇ ನಿಂತುಹೋಗುತ್ತಿತ್ತು. ಯಾಕೆಂದರೆ ನಮ್ಮ ಆಟದಲ್ಲಿ ನಾನು ಒಂದು ಮಾತು ಹೇಳಬೇಕು, ನೀನು "ಆಮೇಲೆ?" ಎನ್ನಬೇಕು. ನೀನು ಕೇಳದೆ ನನಗೆ ಮುಂದಿನ ಮಾತೇ ಗೊತ್ತಿರಲಿಲ್ಲ. ಒಂದು ದಿನ ಹಳೆಯ ಕಾರ್ಯಕ್ರಮ ಪಟ್ಟಿಯ ಹಿಂಬದಿಯಲ್ಲಿ ಒಂದು ಸಾಲು ಬರೆದು, ಕೆಳಗೆ ನಾನೇ 'ಆಮೇಲೆ?' ಎಂದು ಬರೆದೆ. ಅದಕ್ಕೆ ಉತ್ತರ ಬಂತು. ಮತ್ತೆ ಬರೆದೆ. ಇವತ್ತಿಗೂ ಇಸ್ತ್ರಿ ಮೇಜಿನ ಮುಂದೆ ಹಾಗೇ ಬರೆಯುತ್ತೇನೆ, ಕೊನೆಗೆ ಆ ಪದವನ್ನೆಲ್ಲ ಹೊಡೆದು ಹಾಕುತ್ತೇನೆ. ನಾಲ್ಕು ತಿಂಗಳ ಮೇಲೆ ನಿನ್ನ ಬಾಯಿಗೆ ಮರಳಿದ ಮೊದಲ ಮಾತೂ ಅದೇ ಅಲ್ಲವೆ! ವೈದ್ಯರು ಹೆಸರೇನು ಎಂದು ಕೇಳಿದರೆ "ಆಮೇಲೆ?" ಎಂದೆ, ಅತ್ತಿಗೆ ಅಳುತ್ತಾ ನಕ್ಕರು. ಈಗಿನ ಪತ್ರದಲ್ಲೂ ಹಾಗೇ ಬರೆದಿದ್ದೀಯ: 'ಇಪ್ಪತ್ತಕ್ಕೆ ಬರ್ತೀವಿ. ಕುರ್ಚಿ ಹಿಡಿ. ಕಾಲು ಪರವಾಗಿಲ್ಲ. ಆಮೇಲೆ?'

ಆಮೇಲೆ ಇದು. ನಾಟಕದಲ್ಲಿ ಅಣ್ಣತಮ್ಮಂದಿರಿಬ್ಬರು ಒಂದೇ ಅಂಗಡಿಯಲ್ಲಿ ಪಕ್ಕಪಕ್ಕದ ಕುರ್ಚಿಯಲ್ಲಿ ಜನರಿಗೆ ಕ್ಷೌರ ಮಾಡುತ್ತಾರೆ. ಅಣ್ಣ ಗಂಭೀರ, ತಮ್ಮ ಬಾಯಿಬಡುಕ. ಮೂರನೆಯ ದೃಶ್ಯದಲ್ಲಿ ಅಣ್ಣ ಕತ್ತರಿ ಹಿಡಿದವನು ಇದ್ದಕ್ಕಿದ್ದ ಹಾಗೆ ನಿಂತುಬಿಡುತ್ತಾನೆ, ಕತ್ತರಿ ಕೈಜಾರಿ ಬೀಳುತ್ತದೆ. ತಮ್ಮ ಅದನ್ನು ಆಟವೆಂದುಕೊಂಡು ಒಂದು ಕುಚೋದ್ಯದ ಮಾತು ಹೇಳುತ್ತಾನೆ. ಕಾಯುತ್ತಿದ್ದ ಗಿರಾಕಿಗಳೆಲ್ಲ ನಗುತ್ತಾರೆ.

ನಿನಗೆ ಅರ್ಥವಾಯಿತು. ಆ ದಿನವನ್ನೇ ತೆಗೆದು ನಾಟಕದಲ್ಲಿ ಇಟ್ಟಿದ್ದೇನೆ. ರೈಲ್ವೆ ಸ್ಟೇಷನ್ನಿನ ನಮ್ಮ ಆಟ, ರೈಲಿಗೆ ಕಾಯುವ ಪ್ರಯಾಣಿಕನಾದ ನಿನ್ನ ಬಲಗೈಯ ಪೆಟ್ಟಿಗೆ. "ಇದನ್ನ ಕೆಳಗಿಟ್ರೆ ನಾನು ಹೊರಡೋನಲ್ಲ ಅಂತ ಜನಕ್ಕೆ ಗೊತ್ತಾಗಿಬಿಡುತ್ತೆ" ಎಂದು ಇಪ್ಪತ್ತೆರಡು ವರ್ಷ ಒಮ್ಮೆಯೂ ನೆಲಕ್ಕಿಡದ ಪೆಟ್ಟಿಗೆ. ಅದು ಬಿದ್ದಾಗ ನಾನು ಹೇಳಿದೆ, "ಏನಣ್ಣ, ಇಳಿಯೋ ಸ್ಟೇಷನ್ ಬಂತಾ?" ಸಭೆ ಬಿದ್ದು ಬಿದ್ದು ನಕ್ಕಿತು. ನಮ್ಮ ಜೀವಮಾನದಲ್ಲೇ ಅಷ್ಟು ದೊಡ್ಡ ನಗು ಬಂದಿರಲಿಲ್ಲ. ಅದು ಮುಗಿಯುವ ಹೊತ್ತಿಗೆ ನೀನು ನೆಲದ ಮೇಲಿದ್ದೆ.

ನಿನ್ನನ್ನು ಕೇಳದೆ ಬರೆದದ್ದು ತಪ್ಪು. ಕೇಳಿದ್ದರೆ ನೀನು ಹೂಂ ಎನ್ನುತ್ತಿದ್ದೆ, ಅದು ಗೊತ್ತಿದ್ದೇ ಕೇಳಲಿಲ್ಲ. ಅದು ಇನ್ನೂ ದೊಡ್ಡ ತಪ್ಪು. ಬೇಡವೆಂದು ನಿನಗನಿಸಿದರೆ ಒಂದು ಅಕ್ಷರ ಬರೆದು ಹಾಕು, ನೀವು ಬರುವ ಶನಿವಾರದೊಳಗೆ ಆ ದೃಶ್ಯ ತೆಗೆಸುತ್ತೇನೆ. ನಿರ್ದೇಶಕಿ ನನ್ನ ಕೊರಳಪಟ್ಟಿ ಹಿಡಿಯುತ್ತಾಳೆ, ಹಿಡಿಯಲಿ. ಅಲ್ಲಿ ಗಿರಾಕಿಗಳು ನಕ್ಕು ಮುಗಿಸುವವರೆಗೆ ತಮ್ಮನಾದವನು ಏಳು ಉಸಿರು ಸುಮ್ಮನೆ ನಿಂತಿರಬೇಕು. ಅದೊಂದು ಸೊನ್ನೆಯನ್ನು ಮಾತ್ರ ನಾನು ಅಭ್ಯಾಸಬಲದಿಂದ ಸುತ್ತಿದ್ದಲ್ಲ. ಅವಳು ಕೇಳಿದಳು, "ಬೇರೆಲ್ಲ ಕಡೆ ಎರಡು, ಮೂರು. ಇಲ್ಲಿ ಏಳೇ ಯಾಕೆ ಸಾರ್? ಐದು ಸಾಲ್ದಾ?" ವಾರದಲ್ಲಿ ಏಳು ದಿನ ಇಲ್ಲವಾ ಎಂದು ಏನೋ ಹಾರಿಸಿದೆ. ಅವಳು ನಗಲಿಲ್ಲ.

ಟಿಕೆಟ್ ಎರಡು ಇದರ ಜೊತೆಗಿಟ್ಟಿದ್ದೇನೆ. ಇಪ್ಪತ್ತನೆಯ ತಾರೀಕು ಶನಿವಾರ, ಮಧ್ಯಾಹ್ನ ಮೂರಕ್ಕೆ. ಮೂರನೆಯ ಸಾಲು, ನಡುದಾರಿಯ ಪಕ್ಕದ ಕುರ್ಚಿ, ನಿನ್ನ ಉದ್ದ ಕಾಲು ಚಾಚಿಕೊಳ್ಳಲು ಅನುಕೂಲ. ಹಿಂದೆ ಕೂರುವವರಿಗೆ ಏನೂ ಕಾಣುವುದಿಲ್ಲ, ಅದು ಅವರ ಹಣೆಬರಹ. ಅತ್ತಿಗೆಗೆ ಹೇಳು, ಆಟ ಮುಗಿದ ಮೇಲೆ ಊಟಕ್ಕೆ ನಮ್ಮಲ್ಲಿಗೇ ಬರಬೇಕು. ನನ್ನವಳು ಈಗಲೇ ಇಸ್ತ್ರಿ ಮೇಜಿಗೆ ಮೇಜುಬಟ್ಟೆ ಹುಡುಕುತ್ತಿದ್ದಾಳೆ. ನಿನ್ನ ಎಡಗೈಗೆ ನೂರು ವರ್ಷ ಆಯಸ್ಸಾಗಲಿ, ಅದನ್ನು ನೋಡಿ ಬಲಗೈಗೂ ಬುದ್ಧಿ ಬರಲಿ. ಅತ್ತಿಗೆಯ ನಾಲಿಗೆ ಹೀಗೇ ಹರಿತವಾಗಿರಲಿ.

ನಿನ್ನ
ಗಿಡ್ಡ

ಮರೆತ ಮಾತು: ಮರೆತದ್ದಲ್ಲ. ಮೇಲಿನದನ್ನೆಲ್ಲ ನಿನ್ನೆಯೇ ಬರೆದು ಲಕೋಟೆ ಅಂಟಿಸಿದ್ದೆ, ಇವತ್ತು ಹರಿದು ತೆರೆದೆ. 'ಪಾಪ, ಅವರಿಗೇನು ಗೊತ್ತಿತ್ತು, ಆಟ ಅಂದ್ಕೊಂಡ್ರು' ಎಂದು ಅತ್ತಿಗೆ ನನ್ನ ಬಗ್ಗೆ ಎಂಟು ವರ್ಷದಿಂದ ಎಲ್ಲರಿಗೂ ಹೇಳುತ್ತಿದ್ದಾರೆ. ನೀನು ಎಡಗೈಯಲ್ಲಿ ಬರೆಯಲು ಕಲಿತಾಗ ನನಗೆ ಬರೆದ ಮೊದಲ ಸಾಲೂ ಅದೇ: 'ನಿಂಗೆ ಗೊತ್ತಿರ್ಲಿಲ್ಲ.' ಉದ್ದಣ್ಣ, ನನಗೆ ಗೊತ್ತಿತ್ತು. ಪೆಟ್ಟಿಗೆ ಬಿದ್ದ ಕ್ಷಣವೇ ಗೊತ್ತಾಯಿತು. ನೀನು ಸತ್ತರೂ ಅದನ್ನು ಬಿಡುವವನಲ್ಲ. ನಿನ್ನ ಬಾಯಿಯ ಒಂದು ಕಡೆ ಜಾರಿದ್ದೂ ಕಂಡಿತು. ಸ್ಟೇಷನ್ ಬಂತಾ ಎಂದು ನಾನು ಕೇಳಿದ್ದು ಆಮೇಲೆ. ಅಷ್ಟು ದೊಡ್ಡ ನಗು ಬರುತ್ತಿತ್ತು, ಅದನ್ನು ಅರ್ಧಕ್ಕೆ ಮುರಿಯಲು ನನ್ನಿಂದ ಆಗಲಿಲ್ಲ. ಅಷ್ಟು ತಡವಾದ್ದರಿಂದ ಏನೂ ವ್ಯತ್ಯಾಸವಾಗಿಲ್ಲ ಎಂದು ವೈದ್ಯರು ಹೇಳಿದ್ದಾರೆ. ನಾನು ಎರಡು ಸಲ ಕೇಳಿದ್ದೇನೆ. ನಾಟಕದ ತಮ್ಮನಿಗೆ ಏನೂ ಗೊತ್ತಿರುವುದಿಲ್ಲ. ಗೊತ್ತಿತ್ತು ಎಂದು ಬರೆಯಲು ಕೈ ಬರಲಿಲ್ಲ. ಏಳೇ ಯಾಕೆ ಎಂದು ಹುಡುಗಿ ಕೇಳಿದಳಲ್ಲ, ಅವಳಿಗೆ ಹೇಳದ ಉತ್ತರ ನಿನಗೆ ಹೇಳುತ್ತೇನೆ. ನಾನು ಅಲ್ಲಿ ನಿಂತು ಎಣಿಸಿದ್ದೆ.

ನಡುದಾರಿಯ ಪಕ್ಕದ ಕುರ್ಚಿ ನಿನ್ನ ಕಾಲಿಗೆಂದು ಬರೆದೆನಲ್ಲ, ಅದೂ ಪೂರ್ತಿ ನಿಜವಲ್ಲ. ಎದ್ದು ಹೋಗಬೇಕೆನಿಸಿದರೆ ನಿನಗೆ ದಾರಿ ಇರಲಿ ಎಂದು ಹಿಡಿದೆ.