ಕಟ್ಟಿದ ಬೇವಿನ ತೊಪ್ಪಲು ಬಿಚ್ಚುವವರು ಯಾರು?

ಪಶುಪಾಲನಾ ಇಲಾಖೆಯ ಮಾನ್ಯ ಜಾಲತಾಣ ಉಸ್ತುವಾರಿ ಅಧಿಕಾರಿಗಳೇ,

ನಮ್ಮ ಕುರಿಗಳಿಗೆ ಬಂದ ರೋಗ ವಾಸಿಯಾಗಿ ವರ್ಷವಾಯಿತು. ನಿಮ್ಮ ಕಚೇರಿಗೆ ಬಂದ ರೋಗ ಮಾತ್ರ ವಾಸಿಯಾಗುತ್ತಿಲ್ಲ. ಫೋನಿನಲ್ಲಿ ನನ್ನ ಅಪ್ಪನ ಹೆಸರು ಹುಡುಕಿದರೆ ಇವತ್ತಿಗೂ ಮೊದಲು ಕಾಣುವುದು ನಿಮ್ಮ ತಲೆಬರಹ: ‘ಎಚ್ಚರಿಕೆ! ಕುರ್ಡಿಯ ಜಂಬಣ್ಣನ ಹಿಂಡಿನಲ್ಲಿ ರೋಗ, ಕುರಿ ಕೊಳ್ಳಬೇಡಿ.’

ಅಂದು ಅದನ್ನು ಹಾಕಿದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ರೋಗವಿತ್ತು, ಹಾಕಿದಿರಿ. ನಾವೂ ದೊಡ್ಡಿಯ ಬಾಗಿಲಿಗೆ ಬೇವಿನ ತೊಪ್ಪಲು ಕಟ್ಟಿ, ಹೊರಗಿನವರು ಬರಬೇಡಿ ಎಂದು ಸಾರಿದ್ದೆವು. ಹಿಂಡು ಗುಣವಾಯಿತೆಂದು ಸರ್ಕಾರಿ ಡಾಕ್ಟರು ಹೇಳಿದ ದಿನ ಅಪ್ಪ ಅದನ್ನು ಬಿಚ್ಚಿದ. ನಮ್ಮಲ್ಲಿ ಕಟ್ಟಿದ ಕೈಯೇ ಬಿಚ್ಚಬೇಕು; ಬೇರೆಯವರು ಬಿಚ್ಚಿದರೆ ಊರು ನಂಬುವುದಿಲ್ಲ.

ಮೊನ್ನೆ ದೇವದುರ್ಗದ ಸಂತೆಯಲ್ಲಿ ಏನಾಯಿತು ಕೇಳಿ. ಬಕ್ರೀದಿಗೆ ಪ್ರತಿವರ್ಷ ನಮ್ಮ ಟಗರು ಒಯ್ಯುವ ರಾಯಚೂರಿನ ವ್ಯಾಪಾರಿ ನಬೀಸಾಬ್, ಸಂತೆಯ ವಾಡಿಕೆಯಂತೆ ಟವೆಲ್ಲಿನ ಮರೆಯಲ್ಲಿ ಅಪ್ಪನ ಬೆರಳು ಹಿಡಿದು ಗುಟ್ಟಾಗಿ ದರ ಕುದುರಿಸುತ್ತಿದ್ದರು. ಅಷ್ಟರಲ್ಲಿ ಅವರ ಗಿರಾಕಿಯೊಬ್ಬ ಫೋನು ಮಾಡಿ ನಿಮ್ಮ ಎಚ್ಚರಿಕೆಯನ್ನು ಓದಿ ಹೇಳಿದ. ನಬೀಸಾಬ್ ಕೈ ಹಿಂದಕ್ಕೆ ತೆಗೆದುಕೊಂಡರು.

“ನಿನ್ನ ಮಾತಿನ ಮ್ಯಾಲ ನನಗ ಅನುಮಾನ ಇಲ್ಲ, ಜಂಬಣ್ಣಾ. ಆದ್ರ ಕುರ್ಬಾನಿಗೆ ರೋಗದ ಕುರಿ ನಡಿಯಂಗಿಲ್ಲ. ಮಂದಿ ಫೋನ್ ತೋರ್ಸಿ ಕೇಳಿದ್ರ ನಾ ಏನ್ ಹೇಳ್ಲಿ?”

“ಹೌದ್ರೀ ಸಾಬ್ರ, ನೀವರ ಏನ್ ಮಾಡ್ತೀರಿ,” ಎಂದ ಅಪ್ಪ. ಟಗರುಗಳನ್ನು ವಾಪಸು ಹೊಡೆದುಕೊಂಡು ಬಂದೆವು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

ಮರುದಿನ ನಿಮ್ಮ ಕಚೇರಿಗೆ ಬಂದೆ. ತಾವು ಮೀಟಿಂಗಿನಲ್ಲಿದ್ದಿರಿ, ಯಾವಾಗ ಇರಲಿಲ್ಲ? ನಿಮ್ಮ ಸಿಬ್ಬಂದಿ ನಗುತ್ತ ಹೇಳಿದರು: “ಆ ಪುಟ ಯಾವಾಗೋ ಅಳಿಸೀವ್ರಿ ಮೇಡಂ. ಮ್ಯಾಲ ಸರ್ಚ್ ಎಂಜಿನ್ ಆ ಕಡಿ ಬರಬಾರ್ದಂತ ಬೀಗಾನೂ ಜಡದೀವಿ.”

ಎಂಥ ಜಾಣತನ! ಸರ್ಚ್ ಎಂಜಿನ್ ಒಳಗೆ ಬಂದು ನೋಡಿದರೆ ತಾನೇ ಪುಟ ಇಲ್ಲವೆಂದು ತಿಳಿದು ತನ್ನ ಫಲಿತಾಂಶದಿಂದ ಕಿತ್ತುಹಾಕುವುದು? ಬಾಗಿಲಲ್ಲೇ ತಡೆದರೆ ಹಳೆಯ ತಲೆಬರಹವನ್ನೇ ಹಿಡಿದುಕೊಂಡು ಕೂರುತ್ತದೆ. ಸರ್ಚ್ ಎಂಜಿನ್‌ನವರೇ ಬರೆದಿಟ್ಟ ಈ ಸೂಚನೆಯನ್ನು ನಾನು ಮಾನ್ವಿ ಬಸ್ಸಿನಲ್ಲಿ ಕುಳಿತು ಓದಿ ಮುಗಿಸಿದೆ. ನಿಮಗೆ ಒಂದು ವರ್ಷ ಸಾಲಲಿಲ್ಲವೇ? ಬೀಗವನ್ನಾದರೂ ಆ ಒಂದು ಪುಟಕ್ಕೆ ಜಡಿದಿರಾ? ಲಸಿಕೆ ಶಿಬಿರಗಳ ಮಾಹಿತಿಯೂ ಇರುವ ಇಡೀ ವಿಭಾಗಕ್ಕೇ ಜಡಿದಿದ್ದೀರಿ. ಈಗ ಲಸಿಕೆ ಶಿಬಿರ ಎಲ್ಲೆಂದು ಹುಡುಕಿದರೆ ವಿವರ ಸಿಗುವುದಿಲ್ಲ, ನನ್ನ ಅಪ್ಪನ ಮಾನ ಕಳೆಯುವ ತಲೆಬರಹ ಮಾತ್ರ ಸಿಗುತ್ತದೆ. ನೆಗಡಿಯೆಂದು ಮೂಗು ಕೊಯ್ದುಕೊಂಡಿರಿ, ನೆಗಡಿಯೂ ಹೋಗಲಿಲ್ಲ.

ಬೀಗ ತೆಗೆಯಿರಿ. ಆ ಪುಟ ಶಾಶ್ವತವಾಗಿ ಇಲ್ಲವೆಂಬ ಉತ್ತರ ಸರ್ಚ್ ಎಂಜಿನ್‌ಗೆ ಸಿಗುವಂತೆ ಮಾಡಿ. ಬೇಗ ತೆಗೆದುಹಾಕಿರೆಂಬ ಕೋರಿಕೆಯನ್ನೂ ಜಾಲತಾಣದ ಒಡೆಯರಾದ ನೀವೇ ಸಲ್ಲಿಸಿ. ಆ ಅಧಿಕಾರ ನಿಮಗಿದೆ, ನಮಗಿಲ್ಲ. ಬಕ್ರೀದ್ ನಿಮ್ಮ ಮೀಟಿಂಗ್ ಮುಗಿಯಲೆಂದು ಕಾಯುವುದಿಲ್ಲ.

ಅಂದು ಸಂತೆಯಿಂದ ಹೊರಡುವಾಗ ನಬೀಸಾಬ್ ತಮ್ಮ ಟವೆಲ್ಲನ್ನು ಅಪ್ಪನ ಹೆಗಲ ಮೇಲೆ ಹಾಕಿದ್ದರು. “ಇಟ್ಕೋ. ಆ ಎಚ್ಚರಿಕಿ ಹೋದ ದಿನ ಫೋನ್ ಮಾಡು, ಇದ್ರಾಗ ಕೈ ಹಾಕಾಕ ಬರ್ತೀನಿ.” ಅಪ್ಪ ಅದನ್ನು ಒಗೆದು ಮಡಿಚಿಟ್ಟಿದ್ದಾನೆ. ದಿನಾ ಸಂಜೆ ನನ್ನ ಫೋನಿನ ಕಡೆ ನೋಡಿ ಕೇಳುತ್ತಾನೆ: “ಬಿಚ್ಚಿದ್ರೇನವ್ವಾ?”

ಇಂತಿ,
ಡಾಕ್ಟರ ಪ್ರಕಾರ ಗುಣವಾದ, ತಮ್ಮ ಪ್ರಕಾರ ಇನ್ನೂ ರೋಗ ಹಿಡಿದ ಹಿಂಡಿನವಳು,
ಉಮಾದೇವಿ, ಕುರ್ಡಿ